ಫೋಟೋ ಹಾಕುವ ಮುಂಚೆ ಲೊಕೇಶನ್ ತೆಗೆಯೋದು ಹೇಗೆ? ವಾಟ್ಸಾಪ್‌ನಲ್ಲಿ ಕಳಿಸಿಕೊಂಡರೆ ಸಾಕಾ?

ಬೆಳಕಿಂಡಿ ಕೇಳಿದ್ದು:
ಹಳೇ ಕ್ಯಾಮೆರಾ, ಎರಡು ಲೆನ್ಸು ಮಾರಾಟಕ್ಕೆ ಹಾಕಬೇಕು. ಫೋಟೋ ಎಲ್ಲ ಮನೆಯಲ್ಲೇ ಫೋನಿನಲ್ಲಿ ತೆಗೆದದ್ದು. ಒಂದರಲ್ಲಿ ಬಿಲ್ಲೂ ಇದೆ, ಅದರ ಮೇಲೆ ಹೆಸರು, ಫೋನ್ ನಂಬರು. ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡು ಆ ಕಾಪಿ ಹಾಕಿದರೆ ಲೊಕೇಶನ್ ಹೋಗುತ್ತಾ? ಬಿಲ್ಲಿನ ನಂಬರನ್ನು ಮಸುಕು ಮಾಡಿದರೆ ಸಾಕಾ?

ಮೂರನೇಕಣ್ಣು:
ಮೊದಲ ಪ್ರಶ್ನೆಗೆ: ಹೋಗುತ್ತೆ, ಆದರೆ "ಫೋಟೋ" ಅಂತ ಕಳಿಸಿದರೆ ಮಾತ್ರ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಹೊಸ ಫೈಲ್ ಮಾಡುವಾಗ ಎಕ್ಸಿಫ್, ಅಂದರೆ ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ, ಉದುರಿಹೋಗುತ್ತೆ. ಅದೇ ಚಿತ್ರವನ್ನು "ಡಾಕ್ಯುಮೆಂಟ್" ಅಂತ ಕಳಿಸಿದರೆ ಮೂಲ ಫೈಲು ಇದ್ದ ಹಾಗೇ ಹೋಗುತ್ತೆ, ಲೊಕೇಶನ್ ಸಮೇತ. ಟೆಲಿಗ್ರಾಂನ "ಫೈಲ್", ಇಮೇಲ್ ಅಟ್ಯಾಚ್‌ಮೆಂಟ್, ಡ್ರೈವ್ ಲಿಂಕ್, ಇವೂ ಹಾಗೇ. ನಿಮ್ಮ ಉಪಾಯದಲ್ಲಿ ಇನ್ನೊಂದು ತೊಡಕು: ಗ್ಯಾಲರಿಯಲ್ಲಿ ಮೂಲವೂ ಕಾಪಿಯೂ ಅಕ್ಕಪಕ್ಕ ಕೂತಿರುತ್ತವೆ, ನೋಡೋಕೆ ಒಂದೇ ಥರ. ಅವಸರದಲ್ಲಿ ಮೂಲವನ್ನೇ ಹಾಕಿಬಿಡೋದು ಸುಲಭ.

ಎಕ್ಸಿಫ್‌ನಲ್ಲಿ ಅಕ್ಷಾಂಶ, ರೇಖಾಂಶ, ತೆಗೆದ ಹೊತ್ತು, ಫೋನಿನ ಮಾಡೆಲ್ ಎಲ್ಲ ಇರುತ್ತೆ. ಅಕ್ಷಾಂಶದ 5ನೇ ದಶಮಾಂಶ ಅಂಕೆ ಅಂದರೆ ನೆಲದ ಮೇಲೆ ಸುಮಾರು 1 ಮೀಟರ್. ಮನೆಯೊಳಗೆ ಜಿಪಿಎಸ್ ಅಷ್ಟು ಕರಾರುವಾಕ್ಕಾಗಿ ಹಿಡಿಯೋಲ್ಲ, ಆದರೂ ಬೀದಿ ಗೊತ್ತಾದರೆ ಕಳ್ಳನಿಗೆ ಉಳಿದ ಕೆಲಸ ಕಷ್ಟವಲ್ಲ. 2012ರಲ್ಲಿ ಆಂಟಿವೈರಸ್ ಖ್ಯಾತಿಯ ಜಾನ್ ಮೆಕಾಫೀ ತಲೆಮರೆಸಿಕೊಂಡಿದ್ದಾಗ ಅವರು ಗ್ವಾಟೆಮಾಲಾದಲ್ಲಿರೋದು ಬಯಲಾದದ್ದು ಪತ್ರಿಕೆಯೊಂದು ಹಾಕಿದ ಐಫೋನ್ ಚಿತ್ರದ ಎಕ್ಸಿಫ್‌ನಿಂದಲೇ.

ನೇರವಾಗಿ ತೆಗೆಯೋದು ಹೀಗೆ:

ಐಫೋನ್: ಫೋಟೋ ತೆರೆದು ಶೇರ್ ಒತ್ತಿ, ಮೇಲಿನ "ಆಪ್ಷನ್ಸ್"ನಲ್ಲಿ "ಲೊಕೇಶನ್" ಆಫ್ ಮಾಡಿ. ಅಲ್ಲೇ "ಆಲ್ ಫೋಟೋಸ್ ಡೇಟಾ" ಕಂಡರೆ ಅದೂ ಆಫ್ ಇರಲಿ. ಅದು ಆನ್ ಇದ್ದರೆ ಎಡಿಟ್ ಮಾಡುವ ಮುಂಚಿನ ಮೂಲ ಚಿತ್ರವೂ ಜೊತೆಗೇ ಹೋಗುತ್ತೆ.

ವಿಂಡೋಸ್: ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಕೆಳಗಿನ "ರಿಮೂವ್ ಪ್ರಾಪರ್ಟೀಸ್" ಕೊಂಡಿ. "ಕ್ರಿಯೇಟ್ ಎ ಕಾಪಿ" ಆರಿಸಿದರೆ ಮೂಲ ಹಾಳಾಗದೆ ಹೊಸದೊಂದು ಸಿಗುತ್ತೆ. ಹಾಕಬೇಕಾದದ್ದು ಆ ಹೊಸದನ್ನು.

ಆಂಡ್ರಾಯ್ಡ್: ಕ್ಯಾಮೆರಾ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ "ಲೊಕೇಶನ್ ಟ್ಯಾಗ್" ಅಥವಾ ಅಂಥದ್ದೇ ಹೆಸರಿನ ಸ್ವಿಚ್ ಆಫ್ ಮಾಡಿ. ಇದು ಮುಂದಿನ ಫೋಟೋಗಳಿಗೆ ಮಾತ್ರ, ಈಗಾಗಲೇ ತೆಗೆದದ್ದರಲ್ಲಿ ಲೊಕೇಶನ್ ಹಾಗೇ ಇರುತ್ತೆ. ಆಫ್ ಮಾಡಿ ಮತ್ತೊಮ್ಮೆ ತೆಗೆಯೋದೇ ವಾಸಿ, ಲೆನ್ಸು ಎಲ್ಲಿಗೂ ಓಡಿಹೋಗೋಲ್ಲವಲ್ಲ.

ಫೈಲಿನ ಹೆಸರನ್ನೂ ಬದಲಿಸಿ. ಎಷ್ಟೋ ಫೋನುಗಳು ಹೆಸರಿನಲ್ಲೇ ತಾರೀಕು, ಗಂಟೆ, ನಿಮಿಷ ಬರೆದಿಡುತ್ತವೆ. ಎಕ್ಸಿಫ್ ಅಳಿಸಿದರೆ ಅದು ಅಳಿಯೋಲ್ಲ.

ಕತ್ತರಿ:
ಬಿಲ್ಲಿನ ವಿಷಯಕ್ಕೆ ಬರ್ತೀನಿ. ಮಸುಕು ಬೇಡ, ಚೌಕಳಿ ಚೌಕಳಿ ಮಾಡುವ ಪಿಕ್ಸೆಲೇಟೂ ಬೇಡ. ಅಂಕೆಗಳು ಇರೋದೇ ಹತ್ತು. ಬಿಲ್ಲಿನದೇ ಫಾಂಟಿನಲ್ಲಿ 0ಯಿಂದ 9ರ ತನಕ ಬರೆದು, ಅಷ್ಟೇ ಮಸುಕು ಮಾಡಿ, ನಿಮ್ಮ ಚಿತ್ರದ ಪಕ್ಕ ಇಟ್ಟು ನೋಡಿದರೆ ಯಾವುದು ಹೊಂದುತ್ತೆ ಅಂತ ಪ್ರೋಗ್ರಾಮೇ ಹೇಳುತ್ತೆ. ಮುಖಕ್ಕಿಂತ ನಂಬರಿನ ಮಸುಕನ್ನು ಬಿಡಿಸೋದು ಸುಲಭ ಆಗೋದು ಇದಕ್ಕೇ.

ಫೋನಿನ ಎಡಿಟರಿನ ಪೆನ್ನಿಂದ ಕಪ್ಪಾಗಿ ಗೀಚಿದರೂ ಆಗಲಿಲ್ಲ. ಮಾರ್ಕರ್, ಹೈಲೈಟರ್ ಥರದವು ಪೂರ್ತಿ ಅಪಾರದರ್ಶಕ ಅಲ್ಲ. ಕಣ್ಣಿಗೆ ಕಪ್ಪಾಗಿ ಕಂಡರೂ ಬ್ರೈಟ್‌ನೆಸ್, ಎಕ್ಸ್‌ಪೋಷರ್ ಕೊನೆತನಕ ಎಳೆದರೆ ಅಂಕೆಗಳು ಮೇಲೆದ್ದು ಬರುತ್ತವೆ. ನೀವೇ ಎಳೆದು ನೋಡಿ. ಒಳಗೆ ಬಣ್ಣ ತುಂಬಿದ ಚೌಕವನ್ನೇ ಕೂರಿಸಿ, ಒಂದಂಕಿ ಅಗಲ ಆಚೀಚೆ ಹೆಚ್ಚೇ ಮುಚ್ಚಿ. ಇಲ್ಲದಿದ್ದರೆ ನಂಬರಿನಲ್ಲಿ ಎಷ್ಟು ಅಂಕೆ ಇತ್ತು ಅನ್ನೋದಂತೂ ತಿಳಿಯುತ್ತೆ. ಆಮೇಲೆ ಜೆಪೆಗ್ ಆಗಿ ಸೇವ್ ಮಾಡಿ. ಪಿಡಿಎಫ್‌ನಲ್ಲಿ ಅಕ್ಷರದ ಮೇಲೆ ಕಪ್ಪು ಪಟ್ಟಿ ಬಿಡಿಸಿದರೆ ಪಟ್ಟಿ ಕೆಳಗೆ ಅಕ್ಷರ ಜೀವಂತ, ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಮುಗೀತು.

ಕ್ರಾಪ್ ಬಗ್ಗೆಯೂ ಒಂದು ಮಾತು. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಚಿತ್ರ ತಿದ್ದುವ ಮಾರ್ಕಪ್‌ನಲ್ಲೂ ವಿಂಡೋಸ್ 11ರಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಸ್ನಿಪ್ಪಿಂಗ್ ಟೂಲ್‌ನಲ್ಲೂ ಒಂದೇ ಥರದ ದೋಷ ಸಿಕ್ಕಿತು. ಕತ್ತರಿಸಿದ ಚಿಕ್ಕ ಚಿತ್ರವನ್ನು ಹಳೇ ದೊಡ್ಡ ಫೈಲಿನ ಮೇಲೇ ಬರೆದು, ಮಿಕ್ಕ ಬಾಲವನ್ನು ಕತ್ತರಿಸದೆ ಬಿಡುತ್ತಿದ್ದವು. ಆ ಬಾಲದಿಂದ ತೆಗೆದುಹಾಕಿದ ಭಾಗವನ್ನು ಮತ್ತೆ ಕಟ್ಟಬಹುದಿತ್ತು. ಅಪ್‌ಡೇಟ್ ಬಂದು ಸರಿಹೋಯಿತು, ಆದರೆ ಅದಕ್ಕೂ ಮುಂಚೆ ಕ್ರಾಪ್ ಮಾಡಿ ಹಾಕಿದವು ಹಾಗೇ ಉಳಿದವು. ಅನುಮಾನ ಇದ್ದರೆ ಕ್ರಾಪ್ ಮಾಡಿದ್ದನ್ನು ಪರದೆ ತುಂಬ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿ. ಕ್ಯಾಮೆರಾ ಬರೆದ ಜಿಪಿಎಸ್ ಅದರಲ್ಲಿ ಬರೋಲ್ಲ.

ನನ್ನ ಕೇಳಿದರೆ, ಬಿಲ್ಲನ್ನು ಹಾಕಲೇಬೇಡಿ. "ಬಿಲ್ ಇದೆ" ಅಂತ ಬರೆದರೆ ಆಯ್ತು, ಕೊಳ್ಳೋರು ಬಂದಾಗ ತೋರಿಸಿ.

ಹಿಂಗನ್ನಡಿ:
ಲೆನ್ಸಿನ ಮುಂಗಾಜನ್ನು ಯಾರೂ ನೋಡಲಿಲ್ಲವಲ್ಲ. ಅದು ಉಬ್ಬುಗನ್ನಡಿಯ ಹಾಗೆ, ಇಡೀ ಕೋಣೆಯನ್ನು ಒಳಗೆ ಹಿಡಿದಿರುತ್ತೆ. ಕಿಟಕಿ, ಅದರಾಚೆಯ ಎದುರುಮನೆ, ಫೋನ್ ಹಿಡಿದ ನೀವು. ಫೋಟೋವನ್ನು ಹಿಗ್ಗಿಸಿ ನೋಡಿ. 2019ರಲ್ಲಿ ಜಪಾನಿನಲ್ಲಿ ಒಬ್ಬ, ಯುವ ಗಾಯಕಿಯೊಬ್ಬಳ ಸೆಲ್ಫಿಯಲ್ಲಿ ಅವಳ ಕಣ್ಣಿನೊಳಗೆ ಕಂಡ ರೈಲು ನಿಲ್ದಾಣದ ಪ್ರತಿಬಿಂಬದಿಂದಲೇ ಅವಳು ಇಳಿಯುವ ಜಾಗ ಪತ್ತೆ ಮಾಡಿ ಹಲ್ಲೆ ಮಾಡಿದ್ದ. ಲೆನ್ಸಿನ ಗಾಜು ಕಣ್ಣಿಗಿಂತ ಎಷ್ಟು ದೊಡ್ಡದು ನೋಡಿ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ, ಲೆನ್ಸನ್ನು ಓರೆಯಾಗಿಟ್ಟು ತೆಗೆಯಿರಿ.

ಸೀರಿಯಲ್ ನಂಬರಿನ ಕೊನೆಯ ಮೂರು ನಾಲ್ಕು ಅಂಕೆ ಮುಚ್ಚಿ. ಪೂರ್ತಿ ನಂಬರು ಸಿಕ್ಕರೆ ನಿಮ್ಮ ಕ್ಯಾಮೆರಾ ತನ್ನದು ಅಂತ ಇನ್ನೊಬ್ಬ ಜಾಹೀರಾತು ಹಾಕಬಹುದು. ಆ ಕ್ಯಾಮೆರಾದಲ್ಲಿ ತೆಗೆದ ಸ್ಯಾಂಪಲ್ ಫೋಟೋ ಹಾಕುವುದಿದ್ದರೆ ಅವುಗಳ ಎಕ್ಸಿಫ್‌ನಲ್ಲೂ ಸೀರಿಯಲ್ ಇರಬಹುದು, ನೋಡಿಕೊಳ್ಳಿ. ಕ್ಯಾಮೆರಾ ಮೆನುವಿನ "ಕಾಪಿರೈಟ್ ಇನ್ಫೋ"ದಲ್ಲಿ ಎಂದಾದರೂ ಹೆಸರು ಬರೆದಿದ್ದರೆ ಅಲ್ಲಿಗೇ ಹೋಗಿ ಅಳಿಸಿ, ರಿಸೆಟ್ ಮಾಡಿದರೆ ಹೋಗುತ್ತೆ ಅಂತ ನಂಬಿಕೊಂಡು ಕೂರಬೇಡಿ. ಇಲ್ಲದಿದ್ದರೆ ಕೊಂಡವರು ತೆಗೆಯುವ ಪ್ರತಿ ಫೋಟೋದಲ್ಲೂ ನಿಮ್ಮ ಹೆಸರು.

ಬೆಳಕಿಂಡಿ:
ಬಿಲ್ಲು ಬಿಟ್ಟೆ. ಆದರೆ ನಿನ್ನೆಯೇ ಎರಡು ಫೋಟೋ ಹಾಕಿಬಿಟ್ಟಿದ್ದೀನಿ. ಫೋನಿನಲ್ಲಿ ಲೊಕೇಶನ್ ಅಳಿಸಿದರೆ ಅಲ್ಲೂ ಹೋಗುತ್ತಾ?

ಮೂರನೇಕಣ್ಣು:
ಇಲ್ಲ, ಅಲ್ಲಿರೋದು ಬೇರೆಯದೇ ಕಾಪಿ. ಮೊದಲು ಆ ಪುಟದಿಂದ ಫೋಟೋವನ್ನು ಡೌನ್‌ಲೋಡ್ ಮಾಡಿ ಪ್ರಾಪರ್ಟೀಸ್ ನೋಡಿ. ಎಷ್ಟೋ ತಾಣಗಳು ಅಪ್‌ಲೋಡ್ ಆಗುವಾಗಲೇ ಎಕ್ಸಿಫ್ ಕಿತ್ತುಹಾಕುತ್ತವೆ. ಜಿಪಿಎಸ್ ಸಾಲು ಕಂಡರೆ ಫೋಟೋ ಮಾತ್ರ ಬದಲಿಸದೆ ಇಡೀ ಜಾಹೀರಾತನ್ನೇ ಅಳಿಸಿ ಹೊಸದಾಗಿ ಹಾಕಿ, ಹಳೇ ಫೋಟೋದ ಕೊಂಡಿಯನ್ನು ಲಾಗಿನ್ ಇಲ್ಲದ ಬ್ರೌಸರಿನಲ್ಲಿ ತೆರೆದು ನೋಡಿ. ಇನ್ನೂ ತೆರೆದುಕೊಂಡರೆ ತಾಣದವರಿಗೆ ಆ ಕೊಂಡಿಯನ್ನೇ ಕಳಿಸಿ ತೆಗೆಸಿ.