ಅಪ್‌ಡೇಟ್: ಹೊರಗಿನ ಬೋರ್ಡ್‌ಗೆ ಕೊನೆಗೆ ತೇಗವೇ

ಗೇಟಿನ ಪಕ್ಕದ ಹೆಸರಿನ ಬೋರ್ಡ್‌ಗೆ ಪೈನ್ ಸಾಕಾ, ತೇಗ ಬೇಕಾ, ಮೇಲೆ ಏನು ಹಚ್ಚಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ತೇಗವನ್ನೇ ತಗೊಂಡೆ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕೊಳೆಯುವುದಿಲ್ಲ. ಆದರೆ ಅದೇ ಎಣ್ಣೆ ವಾರ್ನಿಶ್ ಸರಿಯಾಗಿ ಹಿಡಿಯಲು ಬಿಡುವುದಿಲ್ಲ, ಅದಕ್ಕೇ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಯೆಲ್ಲ ಕಂದು ಬಣ್ಣ! ವಾರ್ನಿಶ್ ಮಾತ್ರ ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವಂಥದ್ದೇ ಆಗಬೇಕು. ಮನೆಯೊಳಗೆ ಬಳಸುವಂಥದ್ದು ಬಿಸಿಲಿಗೆ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ.

ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಹಲಗೆಯ ಕೊಯ್ದ ತುದಿಗಳು. ನೀರು ಜಾಸ್ತಿ ಹೀರುವುದು ಅಲ್ಲೇ ಅಲ್ವಾ? ಮೊದಲ ಕೋಟನ್ನು ನೋಡುತ್ತಿದ್ದಂತೆಯೇ ಕುಡಿದುಬಿಟ್ಟಿತು. ಹೀರುವುದು ನಿಲ್ಲುವ ತನಕ ಹಚ್ಚಿದೆ. ಹಿಂಬದಿಗೂ ಹಚ್ಚಿದ್ದೇನೆ, ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗಬಹುದು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನವು. ಹೊಳಪು ಮಾಸಿದಾಗ ಹಗುರವಾಗಿ ಉಜ್ಜಿ ಇನ್ನೊಂದು ಕೋಟ್ ಕೊಡುತ್ತೇನೆ.