ಅಮ್ಮನಿಗೆ ಮಾರ್ಫಿನ್ ಬರೆದಿದ್ದಾರೆ, ಎಲ್ಲಿ ಸಿಗುತ್ತದೆ?

ರಾಜಾಜಿನಗರದಿಂದ:
ಅಮ್ಮನ ಕ್ಯಾನ್ಸರ್ ಮೂಳೆಗೆ ಹರಡಿದೆ. ಮನೆಯಲ್ಲಿ ನೋಡಿಕೊಳ್ಳುವವಳು ನಾನೊಬ್ಬಳೇ. ನೋವು ತಡೆಯಲು ಡಾಕ್ಟರ್ ಮಾರ್ಫಿನ್ ಮಾತ್ರೆ ಬರೆದರು. ನಿನ್ನೆಯಿಂದ ಏಳು ಮೆಡಿಕಲ್ ಶಾಪ್ ಸುತ್ತಿದೆ, ಎಲ್ಲೂ ಇಲ್ಲ. ಒಬ್ಬರು ಚೀಟಿ ನೋಡಿ ನನ್ನ ಮೇಲೇ ಅನುಮಾನಪಟ್ಟರು. ನೆಂಟರು ಬೇರೆ, 'ಚಟ ಹತ್ತುತ್ತದೆ, ಕೊಡಬೇಡ' ಅನ್ನುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಜಯನಗರದಿಂದ:
ಅಂಗಡಿ ಸುತ್ತುವುದನ್ನು ಇವತ್ತೇ ನಿಲ್ಲಿಸಿ. ಅಪ್ಪನಿಗಾಗಿ ನಾನೂ ಎರಡು ದಿನ ಹೀಗೇ ಅಲೆದೆ. ಆ ಎರಡು ರಾತ್ರಿ ಅವರು ಕಣ್ಣು ಮುಚ್ಚಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಮಾರ್ಫಿನ್ ಮಾದಕವಸ್ತು ಕಾನೂನಿನಡಿ ಬರುತ್ತದೆ. ಅದಕ್ಕೇ ಸಾಮಾನ್ಯ ಮೆಡಿಕಲ್ ಶಾಪ್‌ನವರು ಇಡುವುದಿಲ್ಲ. ಮೊದಲು ಆಸ್ಪತ್ರೆಗಳಿಗೂ ಹಲವು ಲೈಸೆನ್ಸ್ ಬೇಕಿತ್ತು. 2014ರ ತಿದ್ದುಪಡಿ ಬಂದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗೆ ತರಿಸಿ ಕೊಡುವುದು ಸುಲಭವಾಗಿದೆ. ಪ್ಯಾಲಿಯೇಟಿವ್ ವಿಭಾಗ, ಅಂದರೆ ನೋವು ಕಡಿಮೆ ಮಾಡಿ ಆರೈಕೆ ಮಾಡುವ ವಿಭಾಗ, ಇರುವ ಕಡೆಗೇ ಹೋಗಿ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿದೆ. ನಾವು ಹೋದ ಕಡೆ ಹೊರಗಿನ ಚೀಟಿಗೆ ಸುಮ್ನೆ ಕೊಡಲಿಲ್ಲ. ಫೈಲ್ ಮಾಡಿಸಿ, ಅಲ್ಲಿನ ಡಾಕ್ಟರ್ ನೋಡಿದ ಮೇಲೆ ಕೊಟ್ಟರು. ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಅಮ್ಮನದೂ ನಿಮ್ಮದೂ ಆಧಾರ್ ಇಟ್ಟುಕೊಳ್ಳಿ.

ಮಾರತ್‌ಹಳ್ಳಿಯಿಂದ:
ಕುಂದಲಹಳ್ಳಿ ಗೇಟ್ ಹತ್ತಿರದ ಕರುಣಾಶ್ರಯಕ್ಕೂ ಫೋನ್ ಮಾಡಿ. ಕ್ಯಾನ್ಸರ್ ಕೊನೆಯ ಹಂತದಲ್ಲಿರುವವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಮನೆಗೆ ಬಂದು ನೋಡುವ ತಂಡವೂ ಇದೆ. ನಮ್ಮ ಅತ್ತೆಗೆ ಆ ಸಿಸ್ಟರ್ ಬಂದ ದಿನ ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು.

ನರ್ಸ್ ಆಗಿರುವವರಿಂದ, ವಿಜಯನಗರ:
ತಂಗಿ, ಚಟದ ಭಯ ಬಿಡಿ. ನೋವಿಗೆಂದು ಡಾಕ್ಟರ್ ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳುವವರಿಗೆ ಚಟ ಹತ್ತುವುದು ತೀರಾ ಅಪರೂಪ. ಆದರೆ ತಟ್ಟನೆ ನಿಲ್ಲಿಸಬೇಡಿ. ಸಾದಾ ಮಾತ್ರೆಯಾದರೆ (ನಿಧಾನವಾಗಿ ಕೆಲಸ ಮಾಡುವ ಬಗೆಯದಲ್ಲ) ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಬರೆಯುತ್ತಾರೆ. 'ನೋವು ಜಾಸ್ತಿಯಾದಾಗ ಕೊಡೋಣ' ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಮಲಬದ್ಧತೆ ಆಗಿಯೇ ಆಗುತ್ತದೆ ಅಂದುಕೊಳ್ಳಿ. ಮೊದಲ ದಿನದಿಂದಲೇ ಅದಕ್ಕೆ ಔಷಧಿ ಬರೆಸಿಕೊಳ್ಳಿ. ಬಾಳೆಹಣ್ಣು, ಬಿಸಿನೀರು ಸಾಲದು. ಅದರ ಕಷ್ಟ ತಾಳದೆ ಮಾರ್ಫಿನ್ನನ್ನೇ ಬಿಟ್ಟವರನ್ನು ನೋಡಿದ್ದೇನೆ. ಮೊದಲೆರಡು ದಿನ ಮಂಪರು, ವಾಕರಿಕೆ ಇರಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಮಾತ್ರೆಗೆ ಬೀಗ ಹಾಕಿಡಿ, ಬೇರೆ ಯಾರಿಗೂ ಕೊಡಬೇಡಿ.

ರಾಜಾಜಿನಗರದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಕೂರಲೂ ಆಗುವುದಿಲ್ಲ. ಕರೆದುಕೊಂಡೇ ಹೋಗಬೇಕಾ?

ಜಯನಗರದಿಂದ:
ನಾವು ಮೊದಲ ಸಲ ಅಪ್ಪನನ್ನು ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದೆವು. ಆಮೇಲೆ ಫೈಲ್ ಹಿಡಿದು ನಾನೊಬ್ಬನೇ ಹೋಗುತ್ತಿದ್ದೆ. ನಿಮ್ಮ ವಿಷಯ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಇನ್ನೊಂದು ಮಾತು. ನಾಲ್ಕು ದಿನದ ಮಾತ್ರೆ ಉಳಿದಿರುವಾಗಲೇ ಮತ್ತೆ ತನ್ನಿ. ನಮಗೊಮ್ಮೆ ಶನಿವಾರ ಸಂಜೆ ಖಾಲಿಯಾಗಿತ್ತು. ಸೋಮವಾರದವರೆಗೆ ಅಪ್ಪ ಪಟ್ಟ ಪಾಡು ನಿಮ್ಮ ಅಮ್ಮನಿಗೆ ಬೇಡ.