ಸಹಾಯ ಬೇಕು: ಹಂಪನಕಟ್ಟೆ ಸುತ್ತ ಚಿಕ್ಕ ಮಕ್ಕಳೊಂದಿಗೆ ಮೂರು ಗಂಟೆ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಎರಡು ಮತ್ತು ಐದು ವರ್ಷದ ಮಕ್ಕಳ ಜೊತೆ ಮಂಗಳೂರು ಪೇಟೆಯಲ್ಲಿ ಇರಬೇಕು. ಪಿಲಿಕುಳ ನಿಸರ್ಗಧಾಮ ದೂರವಾಯಿತು, ಹೋಗಿಬರುವುದರಲ್ಲೇ ಹೊತ್ತು ಮುಗಿಯುತ್ತದೆ. ಹಾಗಾಗಿ ಹಂಪನಕಟ್ಟೆ ಹತ್ತಿರದ ಬಾವುಟಗುಡ್ಡೆಯ ಆಸುಪಾಸು ಸಾಕು ಅಂತ.

ಮೊದಲು ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆಯಲ್ಲಷ್ಟೇ ಅಲ್ಲ, ಮಾಡಿನಲ್ಲೂ ಇವೆ. ಮಕ್ಕಳು ಕತ್ತೆತ್ತಿ ನೋಡುತ್ತಾ ಕಾಲು ಗಂಟೆ ಸುಮ್ಮನಿರುತ್ತಾರೆ. ಶನಿವಾರ ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಮಧ್ಯಾಹ್ನ ಮುಚ್ಚುತ್ತಾರಾ? ಆಮೇಲೆ ಟ್ಯಾಗೋರ್ ಪಾರ್ಕ್. 11ರ ನಂತರ ಅಲ್ಲಿ ನೆರಳಲ್ಲಿ ಕೂರಲು ಜಾಗ ಸಿಗುತ್ತದಾ?

ತಳ್ಳುಗಾಡಿ ತರುವುದಿಲ್ಲ. ಚರಂಡಿಯ ಚಪ್ಪಡಿಗಳ ಸಂದಿಯಲ್ಲಿ ಅದರ ಸಣ್ಣ ಚಕ್ರ ಸಿಕ್ಕಿಕೊಂಡು ಗಾಡಿ ಮುಂದಕ್ಕೆ ಮಗುಚುತ್ತದೆ. ಸಿಟಿ ಬಸ್ಸೂ ಬೇಡ, ಮಗುವನ್ನು ಎತ್ತಿಕೊಂಡು ಹತ್ತುವಷ್ಟರಲ್ಲಿ ಹೊರಟುಬಿಡುತ್ತದೆ, ರಿಕ್ಷಾವೇ ಸರಿ. ಸೆಕೆಗೆ ಇಬ್ಬರಿಗೂ ಎರಡೆರಡು ಜೊತೆ ಹತ್ತಿ ಬಟ್ಟೆ, ಎರಡು ಲೀಟರ್ ನೀರು ಇರುತ್ತದೆ.

ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್. ಚಿಕ್ಕದಕ್ಕೆ ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ, ಬೀಜ ಹಾಕದೆ ಕೊಡಿ ಅಂದರೆ ಕೊಡುತ್ತಾರಾ?

ಎಲ್ಲಕ್ಕಿಂತ ಮುಖ್ಯ: ಮಗುವನ್ನು ಮಲಗಿಸಿ ಡೈಪರ್ ಬದಲಿಸಲು ಹಂಪನಕಟ್ಟೆಯಲ್ಲಿ ಚೊಕ್ಕ ಜಾಗ ಎಲ್ಲಿದೆ? ಇತ್ತೀಚೆಗೆ ಹೋದವರು ದಯವಿಟ್ಟು ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ತಿಳಿಸಿ.